ಇಬ್ಬರು ಸಾಕ್ಷಿಗಳ ಹಕ್ಕಿ

ನಮ್ಮ ಮನೆಯಲ್ಲಿ ಹಬ್ಬದ ಚಂದ್ರನಿಗೂ ಹಕ್ಕಿಗೂ ಒಂದೇ ಕಾನೂನು. ಚಂದ್ರ ಕಂಡಿತೆಂದು ಒಬ್ಬರು ಹೇಳಿದರೆ ಸಾಲದು, ಇನ್ನೊಬ್ಬರ ಸಾಕ್ಷಿ ಬೇಕು. ಹಾಗೆಯೇ ಮಳೆಗಾಲ ಕಳೆದ ಮೇಲೆ ಹಿತ್ತಿಲ ಮಾವಿನ ಮರಕ್ಕೆ ಚಿಸ್ವಿ ಬಂತೆಂದು ಸಾರಬೇಕಾದರೂ ಇಬ್ಬರಿಗೆ ಕೇಳಿರಬೇಕು, ಇಲ್ಲವೇ ಕಂಡಿರಬೇಕು. ಈ ಕಾನೂನು ಮಾಡಿದವರು ನನ್ನ ಮಾವ ಇಕ್ಬಾಲ್, ನಾವು ಅಬ್ಬಾ ಎಂದು ಕರೆಯುವವರು. ತಮಾಷೆಗೆಂದೇ ಶುರುವಾಗಿದ್ದಂತೆ. ಆದರೆ ತಮಾಷೆಯಲ್ಲೂ ಸುಳ್ಳು ಹೇಳಲು ಬಾರದ ಮನುಷ್ಯ ಅವರು.

ಅಬ್ಬಾ ಯಲ್ಲಾಪುರದಿಂದ ಅಂಕೋಲೆಗೆ ಲಾರಿ ಓಡಿಸಿಯೇ ತಲೆ ಬೆಳ್ಳಗಾದವರು. ಅರಬೈಲ್ ಘಟ್ಟದಲ್ಲಿ ಬ್ರೇಕ್ ಬಿಸಿಯಾಗಿ ಲಾರಿ ನಿಲ್ಲಿಸಿದಾಗ ಉಳಿದ ಡ್ರೈವರುಗಳು ಬೀಡಿ ಹಚ್ಚಿದರೆ ಇವರು ಮರ ನೋಡುತ್ತ ನಿಲ್ಲುತ್ತಿದ್ದರು. ಲಾರಿ ಬಿಟ್ಟ ಮೇಲೆ ಮಗ ಸೊಹೇಲ್, ನನ್ನ ಗಂಡ, ಒಂದು ದುರ್ಬೀನು ತಂದುಕೊಟ್ಟ. ನಾನು ಈ ಮನೆಗೆ ಸೊಸೆಯಾಗಿ ಬಂದ ಮರುದಿನ ಬೆಳಿಗ್ಗೆ ಮಾವ ದುರ್ಬೀನು ಹಿಡಿದು ಪಕ್ಕದ ಮನೆಯತ್ತಲೇ ನೋಡುತ್ತಿರುವುದನ್ನು ಕಂಡು ಹೌಹಾರಿದ್ದೆ. ಅಲ್ಲಿನ ನುಗ್ಗೆಮರದಲ್ಲಿ ಹೂವಕ್ಕಿ ಕೂತಿತ್ತೆಂದು ಗೊತ್ತಾಗುವಷ್ಟರಲ್ಲಿ ನನ್ನ ಮುಖ ನೋಡಿ ಅತ್ತೆ ಅಮೀನಾಬಿ ಬಿದ್ದು ಬಿದ್ದು ನಕ್ಕಾಗಿತ್ತು.

ಅತ್ತೆಗೆ, ಅಂದರೆ ನಮ್ಮ ಅಮ್ಮಿಗೆ, ಕತ್ತೆತ್ತಿ ನೋಡುವ ತಾಳ್ಮೆಯಿಲ್ಲ. ಅಕ್ಕಿ ಆರಿಸುತ್ತಲೇ ಕಿವಿಯಲ್ಲಿ ಹಕ್ಕಿ ಹಿಡಿಯುತ್ತಾರೆ. ಚಿಸ್ವಿ ಎಂಬುದು ಅವರಿಟ್ಟ ಹೆಸರೇ. ಪುಸ್ತಕದಲ್ಲಿ ಅದು ಉಲಿಯಕ್ಕಿ. ಹೆಬ್ಬೆರಳಿನಷ್ಟು ಮೈ, ಹಿಮಾಲಯದ ಕಡೆಯಿಂದ ಅಷ್ಟು ದೂರ ಹಾರಿ ನಮ್ಮ ಮಾವಿನ ಮರಕ್ಕೇ ಬರುತ್ತದೆ. ಹಸಿರೆಲೆಯ ನಡುವೆ ಹಸಿರು ಹಕ್ಕಿ, ಒಂದು ಕಡೆ ಕೂರುವುದೂ ಇಲ್ಲ. ಹಾಗಾಗಿ ಅದು ಬಂದದ್ದು ತಿಳಿಯುವುದು ‘ಚಿಸ್ವಿ, ಚಿಸ್ವಿ’ ಎಂಬ ತೆಳ್ಳನೆಯ ಸ್ವರದಿಂದ. ಪ್ರತಿ ವರ್ಷ ಮೊದಲು ಅಬ್ಬಾ “ಅಮೀನಾ, ಬಂತು!” ಎಂದು ಕೂಗಬೇಕು, ಒಳಗಿನಿಂದ ಅಮ್ಮಿ “ಹೌದು, ಬಂತು” ಅನ್ನಬೇಕು. ಆ ದಿನ ಮನೆಯಲ್ಲಿ ಶಾವಿಗೆ ಪಾಯಸ.

ಈ ಸಲ ನವರಾತ್ರಿ ಮುಗಿದರೂ ಅಬ್ಬಾ ಕೂಗಲಿಲ್ಲ. ಹಕ್ಕಿ ಬಂದಿತ್ತು. ಬಟ್ಟೆ ಒಣಹಾಕುವಾಗ ನನಗೇ ಕೇಳಿತ್ತು. ಓಡಿಬಂದು ಅಮ್ಮಿಗೆ ಹೇಳಿದರೆ ಅವರು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು.

“ಗೊತ್ತದೆ. ನಿಮ್ಮ ಅಬ್ಬಾಗೆ ಹೇಳಬೇಡ.”

“ಎಂತಕ್ಕೆ ಅಮ್ಮಿ?”

“ಅವರಿಗೆ ಕೇಳ್ಸಿಲ್ಲ. ಫ್ರಿಜ್ಜಿನ ಬಾಗಿಲು ತೆಗೆದಿಟ್ರೆ ಕೂಗ್ತದಲ್ಲ, ಅದೂ ಕೇಳ್ಸೋದಿಲ್ಲ ಈಗ. ಲಾರಿ ಸದ್ದು ಅವರ ಕಿವಿ ತಿಂದ್ಹಾಕ್ತು. ಬಂದದೆ ಅಂತ ನಾ ಹೇಳಿದ್ರೆ, ತನಗ್ಯಾಕೆ ಕೇಳ್ಲಿಲ್ಲ ಅಂತ ಅವರಿಗೆ ಗೊತ್ತಾಗೋದಿಲ್ವಾ?”

ನಮ್ಮ ಮಾತು, ಕಾಗೆ, ಬಸ್ಸಿನ ಹಾರ್ನು ಎಲ್ಲ ಅವರಿಗೆ ಕೇಳುತ್ತಿತ್ತು. ಹೋದದ್ದು ತೆಳ್ಳನೆಯ ಸ್ವರಗಳು ಮಾತ್ರ. ಅದಕ್ಕೇ ಅವರಿಗೆ ಅನುಮಾನವೇ ಬಂದಿರಲಿಲ್ಲ. ನಾವಿಬ್ಬರು ಮಾತ್ರ ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕುಗಳಾಗಿ ಓಡಾಡಿದೆವು.

ಅಬ್ಬಾ ಬೆಳಗಿನ ನಮಾಜು ಮುಗಿಸಿ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಕೂರತೊಡಗಿದರು. ಚಹಾ ಅಲ್ಲೇ, ಪೇಪರು ಅಲ್ಲೇ. ಎದುರಿನ ಮೊಬೈಲ್ ಟವರನ್ನು ಬೈದರು. ಮಳೆ ತಡವಾಗಿ ನಿಂತದ್ದನ್ನು ಬೈದರು. ಕೊನೆಗೆ ಬೈಯುವುದನ್ನೂ ಬಿಟ್ಟರು. “ಸತ್ತೋಗಿರ್ಬೇಕು ಬಿಡು ಮುಬಶ್ಶಿರಾ. ಅಷ್ಟು ದೂರ, ಅಷ್ಟು ಸಣ್ಣ ಜೀವ,” ಎಂದರು ನನಗೆ ಒಂದು ದಿನ. ಆ ಮಾತು ಆಡುವಾಗ ಹಕ್ಕಿ ಅವರ ತಲೆಯ ಮೇಲಿನ ಕೊಂಬೆಯಲ್ಲೇ ಕೂಗುತ್ತಿತ್ತು. ನಾನು ಒಳಗೆ ಹೋಗಿ ಅತ್ತುಬಿಟ್ಟೆ.

ದೀಪಾವಳಿ ಹತ್ತಿರವಾದಾಗ ಅಬ್ಬಾ, “ಸಮುದ್ರದ ಹಕ್ಕಿ ಬಂದಾವಾ ನೋಡಿ ಬರೋಣ” ಎಂದು ಹಟ ಹಿಡಿದರು. ಸೊಹೇಲನ ಓಮ್ನಿಯಲ್ಲಿ ನಾವು ಮೂವರು ಘಟ್ಟ ಇಳಿದೆವು. ಅಂಕೋಲೆಯ ಆಚೆ, ಹೊಳೆ ಸಮುದ್ರ ಸೇರುವಲ್ಲಿ ಕಡಲಕಾಗೆಗಳು ಮರಳಿನ ತುಂಬ ಕೂತಿದ್ದವು. ಅವುಗಳ ಒರಟು ಕೂಗು ಅಬ್ಬಾಗೂ ಕೇಳುತ್ತಿತ್ತು. ಅಲೆ ಹಿಂದೆ ಸರಿದ ಕೂಡಲೇ ಗೊರವ ಹಕ್ಕಿಗಳು ಅದರ ಬೆನ್ನಿಗೇ ಓಡುತ್ತಿದ್ದವು. ಅಷ್ಟೆಲ್ಲ ಕಣ್ಣೆದುರು ಇದ್ದರೂ ಅಬ್ಬಾ ಮೀನು ಒಣಹಾಕುತ್ತಿದ್ದ ಹೊನ್ನಿ ಎಂಬಾಕೆಯನ್ನು ಕೇಳಿದರು: “ಈ ವರ್ಷ ಹಕ್ಕಿ ಎಲ್ಲಾ ಬಂದಾವಾ?”

“ಬಂದವಲ್ರಾ, ಕಾಣ್ಸೂದಿಲ್ವಾ? ನಮ್ಮ ಮೀನು ಉಳಿಸಿದ್ರೆ ಸಾಕು,” ಎಂದಳು ಹೊನ್ನಿ.

ಅಬ್ಬಾ ದುರ್ಬೀನು ಇಳಿಸಿದರು. “ಎಲ್ಲಾರದ್ದೂ ಬಂದಾವೆ. ನಮ್ಮದೊಂದೇ ದಾರೀಲಿ ಹೋಯ್ತು. ಬಂದಿದ್ರೆ ದಿನಾ ಅಲ್ಲೇ ಕೂತವನಿಗೆ ಕೇಳ್ತಿರ್ಲಿಲ್ವಾ?”

ಅಮ್ಮಿಗೆ ಇನ್ನು ತಡೆಯಲಾಗಲಿಲ್ಲ. ದುಪಟ್ಟಾದ ಸೆರಗಿನಲ್ಲಿ ಮೂಗು ಒರೆಸಿಕೊಂಡು ಹೇಳಿಯೇಬಿಟ್ಟರು. “ಬಂದದೆರೀ. ಬಂದು ಬಹಳ ದಿನ ಆಯ್ತು. ನಿಮ್ಮ ತಲೆ ಮೇಲೇ ಕೂಗ್ತದೆ.”

ಅಬ್ಬಾ ಮೊದಲು ಅಮ್ಮಿಯ ಮುಖ ನೋಡಿದರು, ಆಮೇಲೆ ನನ್ನದು. ನಾನು ತಲೆ ತಗ್ಗಿಸಿದೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವರು ಹೋಗಿ ಗಾಡಿಯಲ್ಲಿ ಕೂತರು. ಕೊರಳಿನಿಂದ ದುರ್ಬೀನು ತೆಗೆದು ಸೀಟಿನ ಕೆಳಗಿಟ್ಟರು. ಉಳಿದ ಹಕ್ಕಿಗಳಿಗಾಗಿ ಕೂಡ ಅವರಿನ್ನು ಹಿತ್ತಿಲಿಗೆ ಬರುವುದಿಲ್ಲವೇನೋ ಎಂದು ನನಗೆ ಭಯವಾಗಿತ್ತು.

ಮರುದಿನ ಬೆಳಿಗ್ಗೆ ಅಮ್ಮಿ ಹಿತ್ತಿಲ ಬಚ್ಚಲ ಕಟ್ಟೆಯ ಹತ್ತಿರ ಪಾತ್ರೆ ತಿಕ್ಕುತ್ತಿದ್ದರು. ಅಬ್ಬಾ ಹಿಂದೆ ಬಂದು ನಿಂತರು, ಕೊರಳಲ್ಲಿ ದುರ್ಬೀನು.

“ಅಮೀನಾ, ನಂಗೆ ಕೇಳೋದಿಲ್ಲ. ಎಲ್ಲಿ ಅದೆ, ತೋರಿಸು.”

ಅಮ್ಮಿ ಬೂದಿ ಮೆತ್ತಿದ ಕೈಯಲ್ಲೇ ಅವರ ಗದ್ದ ಹಿಡಿದು ಮುಖವನ್ನು ಸ್ವಲ್ಪ ಎಡಕ್ಕೆ ತಿರುಗಿಸಿದರು, ಮೇಲಕ್ಕೆತ್ತಿದರು, ಮತ್ತೆ ಬಲಕ್ಕೆ ತಂದರು. ತಮ್ಮ ಕಿವಿ ಸ್ವರ ಹಿಡಿದ ಕಡೆಗೆಲ್ಲ ಅಮ್ಮಿಯ ಕೈ ಹೋಗುತ್ತಿತ್ತು. ಅಬ್ಬಾ ಹುಡುಕಿಯೇ ಹುಡುಕಿದರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ.

“ಸಿಕ್ತು,” ಎಂದರು ಅಬ್ಬಾ. ಆಮೇಲೆ ಅವರ ಸ್ವರ ಒಡೆಯಿತು. “ಬಾಯಿ ತೆರೀತದೆ, ಮುಚ್ತದೆ... ಅಷ್ಟೇ ಅಮೀನಾ.”

ದುರ್ಬೀನಿನ ಕೆಳಗೆ ಅವರ ಕೆನ್ನೆ ಒದ್ದೆಯಾಗಿತ್ತು. ಪಕ್ಕದ ಮನೆಯವರು ಕೇಳಿಸಿಕೊಂಡಾರೆಂದು ಹಿತ್ತಿಲಲ್ಲಿ ದನಿ ಎತ್ತದ ನನ್ನ ಅತ್ತೆ ತುದಿಗಾಲಿನ ಮೇಲೆ ನಿಂತು, ಗಂಡನ ಕಿವಿಗೆ ಬಾಯಿಟ್ಟು, ತನ್ನ ದಪ್ಪ ಸ್ವರದಲ್ಲಿ ಕೂಗಿದರು: “ಚಿಸ್ವಿ.”

ಮೇಲೆ ಹಕ್ಕಿ ಕೂಗಿತು. “ಚಿಸ್ವಿ,” ಎಂದರು ಅಮ್ಮಿ. ಅದು ಮತ್ತೆ ಕೂಗಿತು. “ಚಿಸ್ವಿ.”

ಅಬ್ಬಾ ದುರ್ಬೀನು ಇಳಿಸಲಿಲ್ಲ.

“ಹೌದು,” ಎಂದರು, “ನಮ್ಮದೇ.”