ಬಡಗು ಬದಿಗೆ ತಿರುಗಿದ ಗಾಳಿ

ಪುಣೆಯಲ್ಲಿ ಕಡಲಿಲ್ಲ. ಆದರೂ ಮೇ ಮುಗಿಯುತ್ತ ಬಂತೆಂದರೆ ಸ್ವಾರಗೇಟ್ ಹತ್ತಿರದ ನಮ್ಮ ಹೋಟೆಲಿನಲ್ಲಿ ಎಲ್ಲರ ಕಿವಿ ರೇಡಿಯೋದ ಕಡೆಗೇ ಇರುತ್ತಿತ್ತು. ಅಪ್ಪ, ಅಡುಗೆಯವರು, ಸಪ್ಲೈಯರುಗಳು, ಎಲ್ಲರೂ ಉಡುಪಿ ಕಡೆಯವರು. ಅರಬ್ಬಿ ಸಮುದ್ರದಲ್ಲಿ ವಾಯುಭಾರ ಕುಸಿತ ಎಂದರೆ ಸಾಕು, ಕಾವಲಿಯ ಮೇಲಿನ ದೋಸೆ ಕರಟಿದರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ತೊಂಬತ್ತರ ದಶಕದ ಕೊನೆಯ ಒಂದು ಜೂನಿನಲ್ಲಿ ಎದ್ದ ಚಂಡಮಾರುತ ನಮ್ಮ ಊರಿಗೇ ಬಡಿಯುತ್ತದೆಂದು ಎಲ್ಲರೂ ನಂಬಿದ್ದೆವು. ಅಜ್ಜಿಯ ಮನೆ ಕಡಲ ದಂಡೆಯಲ್ಲೇ ಇತ್ತು. ಅಮ್ಮ ತಲೆಗೆ ಮಿಂದು, ಅರಸಿನದ ಬಟ್ಟೆಯಲ್ಲಿ ಕಾಣಿಕೆ ಕಟ್ಟಿ ಊರ ದೇವಿಗೆಂದು ಮುಡಿಪು ಇಟ್ಟಳು. "ತಾಯಿ, ನಮ್ಮೂರಿಗೆ ಬರುದು ಬೇಡ. ಬಡಗು ಬದಿಗೆ ಹೋಗ್ಲಿ" ಎಂದು ಗಟ್ಟಿಯಾಗಿಯೇ ಕೇಳಿಕೊಂಡಳು. ನಾನೂ ಪಕ್ಕದಲ್ಲಿ ಕೈಮುಗಿದು ನಿಂತಿದ್ದೆ.

ದೇವಿ ಕೇಳಿಸಿಕೊಂಡಳು. ಗಾಳಿ ಬಡಗು ಬದಿಗೆ, ಉತ್ತರಕ್ಕೆ ತಿರುಗಿ ಗುಜರಾತಿಗೆ ಹೋಯಿತೆಂದು ವಾರ್ತೆ ಬಂತು. ಅಪ್ಪ ಅಂದು ಬಂದವರಿಗೆಲ್ಲ ಶಿರಾ ಹಂಚಿದರು. ದಿನಾ ಚಹಾಕ್ಕೆ ಬರುವ ಬೆಳಗಾವಿ ಕಡೆಯ ಗುಮಾಸ್ತರೊಬ್ಬರು, "ನಿಮ್ಮ ಊರು ಉಳೀತಲ್ರಿ, ಭಾಳ ಛಲೋ ಆತು" ಎಂದರು. ಅಪ್ಪ ಅವರಿಗೆ ಇನ್ನೊಂದು ಚಮಚ ಬಡಿಸಿದರು.

ಗುಜರಾತಿನಲ್ಲಿ ಅಮ್ಮನ ತಮ್ಮನಿದ್ದ. ನಾವು ಮರೆತಿದ್ದೆವೆಂದಲ್ಲ. ಒಂದು ಬಂದರಿನ ಬದಿಯಲ್ಲಿ ತಗಡಿನ ಶೆಡ್ಡು ಹಾಕಿಕೊಂಡು ಲಾರಿಯವರಿಗೆ ಇಡ್ಲಿ, ಅನ್ನ ಮಾಡಿ ಹಾಕುತ್ತಿದ್ದ. ನಮ್ಮವರ ಲೆಕ್ಕದಲ್ಲಿ ಗಾಳಿಯ ಭಯವೆಲ್ಲ ದೋಣಿ ಇದ್ದವರಿಗೆ, ಊರ ದಂಡೆಯಲ್ಲಿ ಮನೆ ಇದ್ದವರಿಗೆ. ಹೋಟೆಲಿನವನಿಗೆ ಎಂಥ ಕಡಲು? ಕಡಲು ಆ ಶೆಡ್ಡಿನೊಳಕ್ಕೇ ನುಗ್ಗಿತ್ತು. ಜೊತೆಗಿದ್ದು ಬದುಕಿದವನೊಬ್ಬ ಎಲ್ಲಿಂದಲೋ ಫೋನು ಮಾಡಿ ಹೇಳಿದ. ಹೆಣವೂ ಸಿಗಲಿಲ್ಲ. ಮಾವನಿಗೆ ದರ್ಭೆಯ ಗೊಂಬೆ ಮಾಡಿ ಸಂಸ್ಕಾರ ಮಾಡಿದರು.

ಮುಡಿಪು ದೇವರ ಮುಂದೆ ಹಾಗೇ ಇತ್ತು. ಅದನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಎಸೆದುಬಿಡು ಎಂದು ಅಮ್ಮನ ಮೇಲೆ ರೇಗಿದೆ.

"ಕೇಳಿಕೊಂಡದ್ದು ನಡೆದಿದೆ. ದೇವರ ಹರಕೆ ಬಾಕಿ ಇಟ್ಟುಕೊಳ್ಳುದುಂಟಾ?" ಎಂದಳು.

ವರ್ಷಾಂತಿಕ ಮುಗಿದ ಮೇಲೆ ಊರಿಗೆ ಹೋದೆವು. ಗುಡಿಯ ಭಟ್ಟರು ಗಂಟು ತೆಗೆದುಕೊಂಡು, ಹರಕೆ ತಂದ ಎಲ್ಲರನ್ನೂ ಕೇಳುವಂತೆ, "ನೆನೆಸಿದ್ದು ಆಯ್ತಲ್ಲ ಅಮ್ಮ?" ಎಂದು ಕೇಳಿದರು. "ಆಯ್ತು" ಎಂದಳು ಅಮ್ಮ. ಪ್ರಸಾದವನ್ನು ಕಣ್ಣಿಗೊತ್ತಿಕೊಂಡಳು. ಆ ದೇವಿಯ ಮೇಲೆ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಎರಡು ಸಾವಿರ ಇಸವಿಯ ನಂತರವೂ ಗಾಳಿಗಳು ಏಳುತ್ತಲೇ ಇದ್ದವು. ಈಗ ಟಿವಿಯ ನಕ್ಷೆಯಲ್ಲಿ ಅವುಗಳ ಸುಳಿಯೂ ಕಾಣುತ್ತಿತ್ತು. ಒಂದು ವರ್ಷ ಆ ಸುಳಿ ಮತ್ತೆ ಊರಿನ ನೇರಕ್ಕೇ ಇತ್ತು. ಅಜ್ಜಿ ಆಗಲೂ ಅಲ್ಲೇ ಇದ್ದರು. ಅಪ್ಪನಿಗೇ ತಡೆಯಲಾಗಲಿಲ್ಲ.

"ದೇವಿ ಹತ್ರ ಒಂದು ಮಾತು ಹೇಳಿಕೋ ಮಾರಾಯ್ತಿ" ಎಂದರು.

ಅಮ್ಮ ಟಿವಿಯ ಮುಂದೆ ಕೂತು ಆ ನಕ್ಷೆಯನ್ನು ತುಂಬ ಹೊತ್ತು ನೋಡಿದಳು.

"ಯಾವ ಬದಿಗೆ ಹೋಗ್ಲಿ ಅಂತ ಹೇಳುದು?" ಎಂದಳು.