ಎಳೆಯುವ ಗುಣ

ಯಲ್ಲಾಪುರದ ಆ ಗಾಡಿ ಸಾಬರು ಚಾಟಿ ಹಿಡಿದದ್ದನ್ನು ನಾನು ಕಂಡವನಲ್ಲ. ಯಾರಾದರೂ ಗಾಡಿಯನ್ನು ಹೊಗಳಿದರೆ ಎತ್ತುಗಳ ಬೆನ್ನ ಮೇಲಿನ ಹಿಣಿಲು ಸವರಿ, "ಎಳೆಯೋ ಗುಣ ಇವುಗಳದ್ದು, ನಂದೇನಿದೆ?" ಎನ್ನುತ್ತಿದ್ದರು.

ಸತ್ಯಾಗ್ರಹದ ದಿನಗಳು. ಜೈಲಿಗೆ ಹೋದವನೊಬ್ಬನ ಮನೆಯ ಹಂಡೆ, ಕೊಡಪಾನಗಳನ್ನೆಲ್ಲ ಜಪ್ತಿ ಮಾಡಿ ಅಂಗಳಕ್ಕೆ ತಂದಿದ್ದೆವು. ಸಾಗಿಸಲು ಸಾಬರ ಗಾಡಿಯನ್ನು ಹಿಡಿದು ತರಿಸಲಾಗಿತ್ತು. ಜಪ್ತಿಗೆ ಬಂದಿದ್ದ ತಾಲೂಕು ಮಾಮಲೇದಾರರ ಕಚೇರಿಯ ಕಾರಕೂನ ನಾನು. ನಾಚಿಕೆಯಿಲ್ಲದೆ ಗಾಡಿ ಹಿಡಿಯುವ ಹುಕುಂ ಓದಿದೆ.

"ನನ್ನ ಗಾಡಿ ಹಿಡಿಯೋದು ಯಾವ ಕಾಯ್ದೆಯಲ್ಲಿದೆ?" ಎಂದು ಸಾಬರು ಕೇಳಿದರು.

"ಕಾಯ್ದೆ ಯಾಕೆ? ಸರ್ಕಾರದ ಹುಕುಂ ಅಂದ್ರೆ ಅಧಿಕಾರ ಅದರೊಳಗೇ ಇರ್ತದೆ," ಎಂದು ಮಾಮಲೇದಾರರು ಗದರಿದರು.

ಸಾಬರು ಎತ್ತುಗಳ ಕೊರಳ ಹಗ್ಗ ಬಿಚ್ಚಿ ಅವನ್ನು ನೊಗದಿಂದ ಬಿಡಿಸಿದರು. ನನ್ನ ಕೈಯಿಂದ ಆ ಹುಕುಂ ಕಾಗದ ತೆಗೆದುಕೊಂಡು ಬರಿ ನೊಗಕ್ಕೆ ಸಿಕ್ಕಿಸಿದರು.

"ಹಾಗಾದ್ರೆ ಇದೇ ಎಳೀಲಿ, ಸಾಹೇಬ್ರೇ."

ಕಾಗದ ಗಾಳಿಗೆ ಅಲುಗಿತು. ಗಾಡಿ ಅಲುಗಲಿಲ್ಲ.