ದಾರಿ ನೋಡದ ದೊರೆ

ಗೊತ್ತಿಲ್ಲದ ವಿಷಯದಲ್ಲಿ ಗಟ್ಟಿಯಾಗಿ ಸಲಹೆ ಕೊಡುವ ಚಟ ನನಗಿದೆ. ಮಾಲೂರಿನ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಹೇಳಿ ಹೇಳಿ ಅಂಟಿದ ರೋಗವಿರಬೇಕು. ಅಲ್ಲಿ ಎದ್ದು ನಿಂತು ಪ್ರಶ್ನೆ ಕೇಳುವವರು ಕಡಿಮೆ. ಟೇಕಲ್ಲಿನಲ್ಲಿರುವ ನನ್ನ ಸೋದರತ್ತೆ ಪುಟ್ಟಮ್ಮ, ರಾಗಿ ಮೂಟೆಗಳಿಗೆ ಇಲಿ ಕಾಟ, ಒಂದು ಒಳ್ಳೆಯ ಬೆಕ್ಕು ನೋಡು ಎಂದಾಗ ಬೀದಿಯಲ್ಲಿ ಸಿಕ್ಕಿದ ಮರಿಯೊಂದನ್ನು ಎತ್ತಿಕೊಟ್ಟಿದ್ದರೆ ಮುಗಿಯುತ್ತಿತ್ತು. ನಾನು 'ಒಳ್ಳೆಯ' ಎಂಬ ಮಾತನ್ನು ಕುಲಗೋತ್ರದವರೆಗೆ ಎಳೆದೆ. ಕೋಲಾರದ ಮೇಷ್ಟ್ರೊಬ್ಬರಿಗೆ ದೂರದೂರಿಗೆ ವರ್ಗವಾಗಿ, ಅವರ ಪರ್ಷಿಯನ್ ಬೆಕ್ಕಿಗೆ ಮನೆ ಬೇಕಾಗಿತ್ತು.

ಬೆಕ್ಕನ್ನು ಗೋಣಿಚೀಲದಲ್ಲೇ ತರಬೇಕೆಂದು ಅತ್ತೆಯ ಕಟ್ಟಪ್ಪಣೆ. ಬರುವ ದಾರಿ ಕಂಡರೆ ಬೆಕ್ಕು ಹಳೆಯ ಮನೆಗೆ ವಾಪಸು ಹೋಗಿಬಿಡುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಆದರೆ ಮುಖ ಚಪ್ಪಟೆಯಾಗಿ ಮೂಗೇ ಇಲ್ಲದಂಥ ಈ ಪ್ರಾಣಿ ಗೋಣಿಯೊಳಗೆ ಉಸಿರಾಡುವುದು ಹೇಗೆ? ಬುಟ್ಟಿಯಲ್ಲಿ ಕೂರಿಸಿ, ತೆಳ್ಳನೆಯ ಟವೆಲ್ ಹೊದಿಸಿ ಸ್ಕೂಟರಿನಲ್ಲಿ ತಂದೆ. ಟವೆಲ್ ಸರಿಸಿದ ಅತ್ತೆ ಬಹಳ ಹೊತ್ತು ನೋಡಿ, "ಪಾಪ, ಇದ್ರ ಮುಖಕ್ಕೆ ಯಾರೋ ಹೊಡ್ದಿದ್ದಾರೆ ಕಣೋ" ಎಂದು ಮರುಗಿದರು.

ನಾನು ಪಾಠ ಶುರು ಮಾಡಿದೆ. ನೂರಾರು ವರ್ಷಗಳ ಹಿಂದೆ ಪರ್ಷಿಯಾ ಕಡೆಯಿಂದ ಉದ್ದ ಕೂದಲಿನ ಬೆಕ್ಕುಗಳು ಯಾತ್ರಿಕರ ಜೊತೆ ಯುರೋಪಿಗೆ ಹೋದವಂತೆ. ಅಲ್ಲಿನವರು ಪ್ರದರ್ಶನದಲ್ಲಿ ಗೆಲ್ಲುವ ಆಸೆಗೆ ಬೇರೆ ಬೆಕ್ಕುಗಳೊಡನೆ ಕೂಡಿಸಿ, ತಲೆಮಾರಿನಿಂದ ತಲೆಮಾರಿಗೆ ಮೂಗನ್ನು ಒಳಗೊಳಗೆ ತಳ್ಳುತ್ತ ಬಂದರು. ಈಗ ರಕ್ತ ಪರೀಕ್ಷಿಸಿದರೆ ಪರ್ಷಿಯಾಕ್ಕಿಂತ ಯುರೋಪೇ ಹೆಚ್ಚು ಕಾಣುತ್ತದೆಂದು ಬಲ್ಲವರು ಹೇಳುತ್ತಾರೆ. ಅದರಲ್ಲೇನು ತಪ್ಪು? ಶ್ರೀನಿವಾಸಪುರದ ತೋಪಿನ ಮಾವಿಗೆ ಬಾದಾಮಿ ಎನ್ನುತ್ತೇವೆ, ಒಳಗೆ ಬಾದಾಮಿ ಬೀಜ ಹುಡುಕುತ್ತೇವೆಯೇ? ಅತ್ತೆ ಎಲ್ಲವನ್ನೂ ತಾಳ್ಮೆಯಿಂದ ಕೇಳಿ, ಇದರಲ್ಲಿ ಇಲಿಯ ವಿಷಯ ಎಲ್ಲಿ ಬಂತು ಎಂದು ವಿಚಾರಿಸಿದರು.

ಇಲಿಯ ವಿಷಯ ಬರಲೇ ಇಲ್ಲ. ಪರ್ಷಿಯನ್ ಬೆಕ್ಕಿನದು ಸಾಧು ಸ್ವಭಾವ. ಹಾರುವುದಿಲ್ಲ, ಕೂಗುವುದಿಲ್ಲ, ಮೆತ್ತನೆಯ ಜಾಗ ಸಿಕ್ಕರೆ ಸಂಜೆಯವರೆಗೆ ಅಲ್ಲೇ. ದಿನಾ ಕೂದಲು ಬಾಚಬೇಕು, ನೀರು ಸುರಿಸುವ ಕಣ್ಣು ಒರೆಸಬೇಕು. ಇದು ರಾಗಿ ಮೂಟೆಯ ಮೇಲೇ ಪವಡಿಸಿತು. ಇಲಿಯೊಂದು ಅದರ ಬಾಲ ದಾಟಿಕೊಂಡು ಹೋಗಿ ಕೆಳಗಿನ ಮೂಟೆ ಕೊರೆಯಿತಂತೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುವ ಗಾದೆ ಅತ್ತೆಯ ಮನೆಯಲ್ಲಿ ತಿರುವುಮುರುವಾಯಿತು. ಅತ್ತೆ ಅದಕ್ಕೆ ದೊರೆ ಎಂದು ಹೆಸರಿಟ್ಟರು.

ಆಮೇಲೆ ಫೋನು ಶುರುವಾಯಿತು. ದಂಡಪಿಂಡ ತಂದು ಕಟ್ಟಿದ್ದೀಯ, ಬಂದು ಕರೆದುಕೊಂಡು ಹೋಗು ಎಂದು ವಾರಕ್ಕೊಮ್ಮೆ ಬೈಗುಳ. ನನ್ನ ಅತ್ತೆಯ ಬಗ್ಗೆ ಒಂದು ಮಾತು ಹೇಳಬೇಕು: ಅವರಿಗೆ ಜಗಳ ಕನ್ನಡದಲ್ಲಿ, ಅಕ್ಕರೆ ತೆಲುಗಿನಲ್ಲಿ. ಫೋನಿನಲ್ಲಿ ನನ್ನನ್ನು ಕನ್ನಡದಲ್ಲಿ ಬೈಯುತ್ತಿರುವಾಗಲೇ ನಡುವೆ "ಏಮಿ ದೊರಾ, ಲೇಸ್ತಿವಾ?" ಎಂದು ಯಾರನ್ನೋ ಎದ್ದೆಯಾ ಎಂದು ಕೇಳುವುದು ಕಿವಿಗೆ ಬೀಳುತ್ತಿತ್ತು. ಚರಿತ್ರೆಯ ಮೇಷ್ಟ್ರಾದ ನಾನು ಆ ಆಧಾರವನ್ನು ಗಮನಿಸಲಿಲ್ಲ. ತಪ್ಪು ನನ್ನದು, ಬೆಕ್ಕನ್ನು ನಾನೇ ಸಾಕಿಕೊಳ್ಳುತ್ತೇನೆ ಎಂದು ಭಾನುವಾರ ಟೇಕಲ್ಲಿಗೆ ಹೋದೆ.

ಹೋಗಿ ನೋಡಿದರೆ ದೊರೆಯ ಮೈ ರೇಷ್ಮೆಯಂತೆ ಹೊಳೆಯುತ್ತಿತ್ತು. ಅತ್ತೆಯ ಸೊಂಟಕ್ಕೆ ಸಿಕ್ಕಿಸಿದ್ದ ಬಾಚಣಿಗೆಯಲ್ಲಿ ಬಿಳಿ ಕೂದಲಿತ್ತು. ಅವರು ತಾವೇ ಬೆಕ್ಕನ್ನು ಬುಟ್ಟಿಯಲ್ಲಿಟ್ಟರು. ನಾನು ಟವೆಲ್ ಹೊದಿಸಲು ಹೋದೆ. ಅತ್ತೆ ನನ್ನ ಕೈ ಹಿಡಿದುಕೊಂಡರು.

"ಮುಚ್ಬೇಡ ಕಣೋ. ದಾರಿ ನೋಡ್ಕೊಂಡು ಹೋಗ್ಲಿ."

ಸ್ಕೂಟರ್ ಹತ್ತಿದೆ. ಊರಾಚೆಯ ರೈಲ್ವೆ ಗೇಟು ಮುಚ್ಚಿತ್ತು. ನಿಂತು ಬುಟ್ಟಿಯೊಳಗೆ ಇಣುಕಿದರೆ ದೊರೆ ಗಾಢ ನಿದ್ದೆಯಲ್ಲಿದ್ದ. ಒಂದು ತಿರುವನ್ನೂ ನೋಡಿರಲಿಲ್ಲ. ಅತ್ತೆ ಹೇಳಿದಂತೆ ದಾರಿ ನೋಡಿಕೊಂಡು ಬಂದವನು ನಾನೊಬ್ಬನೇ. ಹಾಗಾಗಿ ವಾಪಸು ಹೋಗುವ ಹೊಣೆಯೂ ನನ್ನದೇ ಎನಿಸಿ ಸ್ಕೂಟರ್ ತಿರುಗಿಸಿದೆ.

ಅತ್ತೆ ಇನ್ನೂ ಬಾಗಿಲಲ್ಲೇ ನಿಂತಿದ್ದರು. ಬುಟ್ಟಿ ಇಸಿದುಕೊಂಡು ದೊರೆಯ ಕಿವಿಯಲ್ಲಿ ತೆಲುಗಿನಲ್ಲಿ ಏನೇನೋ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ ಅಂದರು: "ಬರೋವಾಗ ಒಂದು ಇಲಿಬೋನು ತರೋಕೆ ಏನಾಗಿತ್ತೋ ನಿಂಗೆ?"